ಬೆಳಗ್ಗೆ ಐದಕ್ಕೆ ಹೊರಟು ಮಗಾಡಿ ಸರೋವರಕ್ಕೆ

ಮೊದಲ ಸಲ ಮಗಾಡಿಗೆ ಹೋದಾಗ ನಾವು ಸರೋವರ ನೋಡಲೇ ಇಲ್ಲ ಅನ್ನಬೇಕು. ನೈರೋಬಿಯ ಮನೆ ಬಿಟ್ಟಾಗ ಒಂಬತ್ತು ದಾಟಿತ್ತು. ತಲುಪಿದಾಗ ಹನ್ನೆರಡೂವರೆ. ಕಾರಿನ ಬಾಗಿಲು ತೆರೆದ ಕೂಡಲೇ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ ಝಳ ಬಡಿಯಿತು. ಹತ್ತು ವರ್ಷದ ಮಗಳಿಗೆ ತಲೆನೋವು ಶುರುವಾಯಿತು. ತಂದಿದ್ದ ಮೂರು ಬಾಟಲಿ ನೀರು ದಾರಿಯಲ್ಲೇ ಮುಗಿದಿತ್ತು. ದಂಡೆಯಲ್ಲಿ ಹದಿನೈದು ನಿಮಿಷ ನಿಂತು, ಬೆಳ್ಳಗೆ ಹೊಳೆಯುವ ಬಯಲನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಿ ವಾಪಸ್ ಹೊರಟೆವು. ಬಿಸಿನೀರಿನ ಬುಗ್ಗೆ ನೋಡಲಿಲ್ಲ, ಮೀನು ನೋಡಲಿಲ್ಲ. ರಾತ್ರಿ ಮಗಳ ಹಣೆಗೆ ಒದ್ದೆ ಬಟ್ಟೆ ಇಡುವಾಗ ನನಗೆ ತುಂಬಾ ಬೇಜಾರಾಯಿತು. ಜಾಗ ಅಂಥದ್ದು, ತಪ್ಪು ನಮ್ಮ ಸಮಯದ್ದು.

ನಾಲ್ಕು ತಿಂಗಳು ಬಿಟ್ಟು ಫೆಬ್ರವರಿಯಲ್ಲಿ ಮತ್ತೆ ಹೋದೆವು. ಈ ಸಲ ಎಲ್ಲ ಸರಿಹೋಯಿತು. ಅದನ್ನೇ ಬರೆಯುತ್ತಿದ್ದೇನೆ. ನೈರೋಬಿಯಲ್ಲಿ ಇರುವ ನಮ್ಮವರು ನಕುರು, ನೈವಾಶಾ, ಮಸಾಯಿ ಮಾರಾ ಅಂತ ಎಲ್ಲ ಕಡೆ ಹೋಗಿಬರುತ್ತಾರೆ. ಒಂದೇ ದಿನದಲ್ಲಿ ಹೋಗಿಬರಬಹುದಾದ ಮಗಾಡಿಗೆ ಮಾತ್ರ ಯಾಕೋ ಹೋಗುವುದು ಕಡಿಮೆ.

ಮಗಾಡಿ ಅಂದಾಗ ನಮ್ಮವರಿಗೆ ಮೊದಲು ಬೆಂಗಳೂರಿನ ಹತ್ತಿರದ ಮಾಗಡಿ ನೆನಪಾಗುತ್ತದೆ. ಗದಗದ ಕಡೆಯವರಿಗೆ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆ, ಅಲ್ಲಿಗೆ ಚಳಿಗಾಲದಲ್ಲಿ ಬರುವ ಪಟ್ಟೆ ತಲೆಯ ಹೆಬ್ಬಾತು. ಕೆನ್ಯಾದ ಮಗಾಡಿಗೂ ಇವಕ್ಕೂ ಸಂಬಂಧ ಇಲ್ಲ. ಸ್ವಾಹಿಲಿಯಲ್ಲಿ ಮಗಾಡಿ ಅಂದರೆ ಸೋಡಾ. ಇಲ್ಲಿನ ಮಾರುಕಟ್ಟೆಯಲ್ಲಿ ಮಗಾಡಿ ಕೇಳಿದರೆ ಬೂದು ಬಿಳಿ ಹರಳು ಕೊಡುತ್ತಾರೆ. ಕಾಳು ಬೇಗ ಬೇಯಲಿ ಅಂತ ಒಂದು ಚಿಟಿಕೆ ಹಾಕುತ್ತಾರೆ. ನಮ್ಮಲ್ಲಿ ಕಡಲೆ ಬೇಯಿಸುವಾಗ ಅಡುಗೆ ಸೋಡಾ ಹಾಕುವುದಿಲ್ಲವೇ, ಹಾಗೇ.

ತಯಾರಿ ಹಿಂದಿನ ರಾತ್ರಿಯೇ ಮುಗಿಯಬೇಕು. ಮೂರು ಜನಕ್ಕೆ ಹದಿನೈದು ಲೀಟರ್ ನೀರು ಇಟ್ಟೆವು. ಕುಡಿಯಲು ಅಷ್ಟು ಬೇಕಾಗಲಿಕ್ಕಿಲ್ಲ, ಆದರೆ ಕೈಕಾಲು ತೊಳೆಯಲು ಬೇಕೇ ಬೇಕು. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಸ್ಟೆಪ್ನಿಗೆ ಗಾಳಿ ಇದೆಯಾ ಅಂತ ಕೈಯಿಂದ ಒತ್ತಿ ನೋಡುವುದು ಸಾಲದು, ಬಂಕಿನಲ್ಲಿ ಅಳತೆ ಮಾಡಿಸಿ. ಊಟಕ್ಕೆ ನನ್ನ ಹೆಂಡತಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಳು. ಜೋಳ ಇಲ್ಲಿ ಮ್ತಾಮಾ ಅನ್ನುವ ಹೆಸರಲ್ಲಿ ಸಿಗುತ್ತದೆ. ಆ ಬಿಸಿಲಿಗೆ ಅನ್ನ ಕೆಡುತ್ತದೆ, ಕಟಕ್ ರೊಟ್ಟಿ ಕೆಡುವುದಿಲ್ಲ. ಲಿಂಬೆಹಣ್ಣು, ಉಪ್ಪು, ಸಕ್ಕರೆ ಬೇರೆ ಬೇರೆ ಡಬ್ಬಿಯಲ್ಲಿ. ಕಪ್ಪು ಕನ್ನಡಕ, ಟೋಪಿ, ಬೆರಳು ಮುಚ್ಚುವ ಹಳೆಯ ಬೂಟು. ಹೊಸ ಬೂಟು ಬೇಡ. ಸೋಡಾ ಕೆಸರು ಚರ್ಮವನ್ನು ತಿಂದುಹಾಕುತ್ತದೆ.

ಐದಕ್ಕೆ ಸರಿಯಾಗಿ ಹೊರಟೆವು. ಊರು ಇನ್ನೂ ಕತ್ತಲಲ್ಲಿತ್ತು. ಒಂಗಾಟಾ ರೋಂಗೈ ದಾಟಿ ಕಿಸೇರಿಯನ್‌ನಲ್ಲಿ ಪೆಟ್ರೋಲ್ ತುಂಬಿಸಿದೆ. ಅಲ್ಲಿಂದ ಮುಂದೆ ಬಂಕು ನಂಬಿಕೊಂಡು ಹೋಗಬೇಡಿ. ಸ್ವಲ್ಪ ಏರಿದ ಮೇಲೆ ಎನ್‌ಗಾಂಗ್ ಬೆಟ್ಟಗಳ ದಕ್ಷಿಣದ ತುದಿಯಲ್ಲಿ ಕಾರ್ನರ್ ಬರಿದಿ ಅಂತ ಒಂದು ತಿರುವು ಇದೆ. ಬರಿದಿ ಅಂದರೆ ಚಳಿ. ಹೆಸರಿಗೆ ತಕ್ಕ ಹಾಗೆ ಗಾಳಿ ಥಂಡಿ ಹೊಡೆಯುತ್ತಿತ್ತು. ಮಗಳು ಸ್ವೆಟರ್ ಮೇಲೆ ನನ್ನ ಜಾಕೆಟನ್ನೂ ಹಾಕಿಕೊಂಡಳು. ಮುಂದೆ ನೆಲ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವುದು ಕಾಣುತ್ತದೆ. ಅದೇ ರಿಫ್ಟ್ ಕಣಿವೆ, ನೆಲ ಬಿರಿದು ಕುಸಿದು ಆದದ್ದು. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಮಗಾಡಿ ಸುಮಾರು 600 ಮೀಟರ್. ನೂರು ಚಿಲ್ಲರೆ ಕಿಲೋಮೀಟರಿನಲ್ಲಿ ಅಷ್ಟೊಂದು ಇಳಿಯಬೇಕು. ಇಳಿಯುತ್ತಾ ಇಳಿಯುತ್ತಾ ಕಿವಿ ಮುಚ್ಚಿಕೊಳ್ಳುತ್ತದೆ, ಒಂದೊಂದೇ ಬಟ್ಟೆ ಕಳಚುತ್ತಾ ಹೋಗುತ್ತೀರಿ. ಹಸಿರು ಹೋಗಿ ಜಾಲಿ ಜಾತಿಯ ಮುಳ್ಳುಗಿಡ ಬರುತ್ತದೆ. ಕೆಂಪು ಶುಕಾ ಹೊದ್ದ ಮಸಾಯಿ ಹುಡುಗರು ಆಡು ಹೊಡೆದುಕೊಂಡು ಹೋಗುತ್ತಿರುತ್ತಾರೆ. ರಸ್ತೆ ಡಾಂಬರಿನದು, ಆದರೆ ದನ, ಆಡು ಎಲ್ಲಿ ಬೇಕಾದರೂ ಅಡ್ಡ ಬರುತ್ತವೆ. ನಿಧಾನವೇ ಒಳ್ಳೆಯದು.

ಎಂಟಕ್ಕೆ ಕೊಂಚ ಮೊದಲು ಕೊನೆಯ ಇಳಿಜಾರಿನಲ್ಲಿ ಸರೋವರ ಕಂಡಿತು. ನೀರು ಕಾಣಲಿಲ್ಲ. ಬಿಳಿ, ಅದರ ನಡುವೆ ಗುಲಾಬಿ, ಮತ್ತೆ ಬಿಳಿ. ಬೇಸಿಗೆಯಲ್ಲಿ ಮಗಾಡಿಯ ಮುಕ್ಕಾಲಿಗೂ ಜಾಸ್ತಿ ಭಾಗ ಸೋಡಾದ ಹೆಪ್ಪು. ಇದಕ್ಕೆ ಟ್ರೋನಾ ಅನ್ನುತ್ತಾರೆ. ಕೆಲವು ಕಡೆ ಈ ಹೆಪ್ಪು 40 ಮೀಟರ್‌ವರೆಗೂ ದಪ್ಪ ಇದೆ. ಗುಲಾಬಿ ಬಣ್ಣ ಉಪ್ಪುನೀರಲ್ಲೇ ಬದುಕುವ ಸೂಕ್ಷ್ಮಜೀವಿಗಳದ್ದು.

ಊರು ಪೂರ್ತಿ ಸೋಡಾ ಕಂಪನಿಯ ಸುತ್ತ ಬೆಳೆದದ್ದು. ಮಗಾಡಿ ಸೋಡಾ ಕಂಪನಿ 1911ರಲ್ಲಿ ಶುರುವಾಯಿತು. 2005ರಲ್ಲಿ ಟಾಟಾ ಕೆಮಿಕಲ್ಸ್ ಕೈಗೆ ಬಂತು. ದೂಳಿನ ಆ ಊರಲ್ಲಿ ಟಾಟಾ ಅನ್ನುವ ಹೆಸರು ಓದಿದಾಗ ಮಗಳಿಗೆ ಆಶ್ಚರ್ಯವೋ ಆಶ್ಚರ್ಯ. ಸರೋವರದ ಹೆಪ್ಪನ್ನು ಯಂತ್ರದಿಂದ ಕೊರೆದು ತೆಗೆದು, ತೊಳೆದು, ಕಾಯಿಸಿ ಸೋಡಾ ಬೂದಿ ಮಾಡುತ್ತಾರೆ. ಗಾಜು, ಬಟ್ಟೆ ಸೋಪು ಮಾಡಲು ಅದು ಬೇಕು. ಇಲ್ಲಿಂದ ಕೊಂಜಾದವರೆಗೆ ರೈಲು ಹಳಿ ಇದೆ, ಅಲ್ಲಿ ಮೊಂಬಾಸಾ ಮಾರ್ಗಕ್ಕೆ ಸೇರುತ್ತದೆ.

ಊರಿನಲ್ಲೇ ಒಬ್ಬ ಮಸಾಯಿ ಹುಡುಗನನ್ನು ಗೈಡ್ ಆಗಿ ಹತ್ತಿಸಿಕೊಂಡೆವು. ದುಡ್ಡು ಮೊದಲೇ ಮಾತಾಡಿಕೊಂಡೆವು. ಇದನ್ನು ಖರ್ಚು ಅಂತ ಬಿಡಬೇಡಿ. ಊರು ದಾಟಿದ ಮೇಲೆ ಸರೋವರದ ನಡುವೆಯೇ ಕಟ್ಟೆಯ ರಸ್ತೆ ಹೋಗುತ್ತದೆ. ಆಮೇಲೆ ದಕ್ಷಿಣದ ಬುಗ್ಗೆಗಳವರೆಗೆ ಬರೀ ಗಾಡಿ ಜಾಡು. ಎಲ್ಲ ಜಾಡೂ ಒಂದೇ ಥರ ಕಾಣುತ್ತವೆ. ಒಣಗಿದ ಹಾಗೆ ಕಾಣುವ ನೆಲದ ಅಡಿಯಲ್ಲಿ ಕೆಸರು ಇರುತ್ತದೆ. ಒಂದು ಕಡೆ ನಾನು ನೇರ ಹೋಗಲು ಹೊರಟಾಗ ಅವನು ಸ್ಟಿಯರಿಂಗ್ ಮೇಲೆ ಕೈಯಿಟ್ಟು ತಡೆದ. ಇಳಿದು ಹೋಗಿ ಕೋಲಿನಿಂದ ಚುಚ್ಚಿ ತೋರಿಸಿದ. ಮೊಣಕಾಲುದ್ದ ಕೋಲು ಸಲೀಸಾಗಿ ಒಳಗೆ ಹೋಯಿತು.

ದಾರಿಯಲ್ಲಿ ಹೆಪ್ಪು ಗಟ್ಟಿ ಇರುವ ಜಾಗದಲ್ಲಿ ಇಳಿಸಿದ. ನೆಲವೆಲ್ಲ ಐದು ಮೂಲೆ, ಆರು ಮೂಲೆಯ ಬಿಲ್ಲೆಗಳಾಗಿ ಬಿರಿದಿತ್ತು. ಬಿಲ್ಲೆಯ ಅಂಚುಗಳು ಒಣ ರೊಟ್ಟಿಯ ಅಂಚಿನ ಹಾಗೆ ಮೇಲೆದ್ದಿದ್ದವು. ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಮುರಿದ ಜಾಗದಲ್ಲಿ ಕೆಳಗಿನಿಂದ ಗುಲಾಬಿ ನೀರು ಮೆಲ್ಲಗೆ ಜಿನುಗಿತು. ಕೊಳೆತ ಮೊಟ್ಟೆಯ ವಾಸನೆ. ಹೆಂಡತಿ ಬಗ್ಗಿ ಒಂದು ಚೂರು ಎತ್ತಿ ಬೆರಳಲ್ಲಿ ಉಜ್ಜಿದಳು.

"ಇದು ನಮ್ಮ ಸವಳು ಅಲ್ಲೇನ್ರೀ?"

ಸವಳೇ. ನಮ್ಮೂರು ಹುಣಸಗಿ ಕಡೆ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ನೀರು ಜಾಸ್ತಿ ನಿಂತ ಹೊಲಗಳಲ್ಲಿ ಬಿಳಿ ಪುಡಿ ಏಳುವುದನ್ನು ಇಬ್ಬರೂ ನೋಡಿದ್ದೇವೆ. ಹಿಂದೆ ಮಡಿವಾಳರು ಬಟ್ಟೆಗೆ ಹಾಕುತ್ತಿದ್ದ ಸವಳು ಮಣ್ಣೂ ಇದೇ ಜಾತಿಯದು. ಹೊಲದಲ್ಲಿ ಒಂದು ಬೆರಳು ಸವಳು ಎದ್ದರೆ ರೈತನ ಎದೆ ಒಡೆಯುತ್ತದೆ. ಇಲ್ಲಿ ನೂರು ಚದರ ಕಿಲೋಮೀಟರ್ ಸವಳು.

ಕಾರಣ ಸರಳ. ಕಣಿವೆಯ ಗೋಡೆಗಳ ಮೇಲೆ ಬಿದ್ದ ಮಳೆ ಜ್ವಾಲಾಮುಖಿ ಕಲ್ಲುಗಳ ಒಳಗೆ ಇಳಿಯುತ್ತದೆ. ಕೆಳಗೆ ಕಾದು, ಕಲ್ಲಿನ ಸೋಡಿಯಂ ಕರಗಿಸಿಕೊಂಡು ಬುಗ್ಗೆಯಾಗಿ ಸರೋವರದ ಅಂಚಿನಲ್ಲಿ ಏಳುತ್ತದೆ. ಸರೋವರದಿಂದ ಹೊರಗೆ ಹರಿಯಲು ದಾರಿ ಇಲ್ಲ. ನೀರು ಬಿಸಿಲಿಗೆ ಆರುತ್ತದೆ, ಸೋಡಾ ಉಳಿಯುತ್ತದೆ. ನೂರು ವರ್ಷಕ್ಕೂ ಮೇಲೆ ಗಣಿ ನಡೆದಿದೆ, ಬುಗ್ಗೆಗಳು ಇನ್ನೂ ಸೋಡಾ ತಂದು ಸುರಿಯುತ್ತಲೇ ಇವೆ.

ಒಂಬತ್ತಕ್ಕೆ ಬುಗ್ಗೆಗಳ ಹತ್ತಿರ ಇದ್ದೆವು. ಮಣಿಸರ ಮಾರುವ ಮಸಾಯಿ ಹೆಂಗಸರು ನಮಗಿಂತ ಮೊದಲೇ ಬಂದು ಕೂತಿದ್ದರು. "ಸೊಪಾ" ಅಂದರು. "ಇಪಾ" ಅನ್ನಬೇಕು ಅಂತ ಗೈಡ್ ದಾರಿಯಲ್ಲೇ ಮಗಳಿಗೆ ಕಲಿಸಿದ್ದ. ಅವಳು ಜೋರಾಗಿ ಅಂದಾಗ ಎಲ್ಲರೂ ನಕ್ಕು, ಒಬ್ಬ ಅಜ್ಜಿ ಕೆನ್ನೆ ಸವರಿದರು.

ಮಗಾಡಿಯ ಕೆಲವು ಬುಗ್ಗೆಗಳ ಬಿಸಿ 86 ಡಿಗ್ರಿವರೆಗೂ ಇದೆ. ಆದ್ದರಿಂದ ಗೈಡ್ ಹೇಳುವವರೆಗೆ ಯಾವ ಗುಂಡಿಗೂ ಕೈ ಹಾಕಬೇಡಿ. ಕೈ ಹಾಕಬಹುದಾದ ಒಂದು ಗುಂಡಿ ತೋರಿಸಿದ. ನೀರು ಬೆರಳಿನ ನಡುವೆ ಸೋಪಿನ ಹಾಗೆ ಜಾರುತ್ತದೆ. ನಮ್ಮ ಚರ್ಮದ ಎಣ್ಣೆಯನ್ನೇ ಅದು ಸೋಪು ಮಾಡುತ್ತಿರುತ್ತದೆ.

ನಾನು ಮತ್ತೆ ಹೋಗಬೇಕು ಅಂತ ಹಟ ಹಿಡಿದದ್ದು ಮೀನಿಗಾಗಿ. ಮಗಾಡಿ ತಿಲಾಪಿಯಾ ಅನ್ನುತ್ತಾರೆ. ಈ ಸರೋವರದಲ್ಲಿ ಬದುಕುವ ಮೀನಿನ ಜಾತಿ ಇದೊಂದೇ. ಬುಗ್ಗೆಯ ನೀರು ಹರಿದು ತಣ್ಣಗಾಗುವ ಕಡೆ ಬೆರಳುದ್ದದ ಮೀನುಗಳು ಗುಂಪಾಗಿ ಇದ್ದವು. ಮಗಳು ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತಳು, ನಾನೂ ಕೂತೆ. ಕಲ್ಲಿಗೆ ಹತ್ತಿದ ಹಸಿರು ಪಾಚಿಯನ್ನು ಮೀನುಗಳು ಕೆರೆದು ತಿನ್ನುತ್ತಿದ್ದವು. ಬುಗ್ಗೆಯ ಕಡೆಗೆ ಪಾಚಿ ಜಾಸ್ತಿ, ಬಿಸಿಯೂ ಜಾಸ್ತಿ. ಒಂದು ಮೀನು ಆ ಕಡೆ ನುಗ್ಗುತ್ತದೆ, ಒಂದು ಕಚ್ಚು ಕಚ್ಚುತ್ತದೆ, ಸರಕ್ಕನೆ ತಿರುಗಿ ಬರುತ್ತದೆ. ಮತ್ತೆ ಹೋಗುತ್ತದೆ. ನೀರಿನಲ್ಲಿ ಗೆರೆ ಎಳೆದಿಟ್ಟ ಹಾಗೆ ಎಲ್ಲವೂ ಅದೇ ಜಾಗದಿಂದ ತಿರುಗುತ್ತಿದ್ದವು. ಮೀನುಗಳು ಸಾಮಾನ್ಯವಾಗಿ ಮೈಯ ಕಸವನ್ನು ಅಮೋನಿಯಾ ಮಾಡಿ ಕಿವಿರಿನಿಂದ ಹೊರಹಾಕುತ್ತವೆ. ಇಷ್ಟು ಸವಳು ನೀರಿನಲ್ಲಿ ಅದು ಹೊರಗೆ ಹೋಗುವುದೇ ಕಷ್ಟ. ಈ ಮೀನು ಅದನ್ನು ನಮ್ಮ ಹಾಗೆ ಯೂರಿಯಾ ಮಾಡಿ ಬಿಡುತ್ತದೆ. ಹಾಗಾಗಿ ಬದುಕಿದೆ. ಅರ್ಧ ಗಂಟೆ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ಎದ್ದಾಗ ಮಗಳು ಕಾಲು ತುರಿಸಿಕೊಳ್ಳುತ್ತಿದ್ದಳು. ನೀರು ತಾಗಿದ್ದ ಕಣಕಾಲಿನ ಸುತ್ತ ಬೆಳ್ಳಗೆ ಒಂದು ಬಳೆ ಕಟ್ಟಿತ್ತು. ಗಾಳಿಗೆ ನೀರು ಆರಿ, ಸೋಡಾ ಉಳಿದಿತ್ತು. ಹೆಂಡತಿ ಬಾಟಲಿ ನೀರು ಸುರಿದು ಉಜ್ಜಿ ತೊಳೆದಳು. ಹದಿನೈದು ಲೀಟರ್ ಅಂದದ್ದು ಇದಕ್ಕೆ. ಹಾಗೇ ಬಿಟ್ಟರೆ ಚರ್ಮ ಒಡೆದು ಉರಿಯುತ್ತದೆ.

ಆ ಬಿಳಿ ಬಳೆ ನೋಡಿ ನನಗೆ 1962ರ ಕಥೆ ನೆನಪಾಯಿತು. ಪೂರ್ವ ಆಫ್ರಿಕಾದ ಸಣ್ಣ ಫ್ಲೆಮಿಂಗೊಗಳು ಮರಿ ಮಾಡುವ ಮುಖ್ಯ ಜಾಗ ದಕ್ಷಿಣಕ್ಕೆ, ಗಡಿಯಾಚೆ ತಾಂಜಾನಿಯಾದ ನ್ಯಾಟ್ರಾನ್ ಸರೋವರ. ಆ ವರ್ಷ ನ್ಯಾಟ್ರಾನ್‌ನಲ್ಲಿ ನೆರೆ ಬಂದು ಹಕ್ಕಿಗಳು ಮಗಾಡಿಗೆ ಬಂದು ಗೂಡು ಕಟ್ಟಿದವು. ಇಲ್ಲಿನ ಸೋಡಾ ಮರಿಗಳ ಕಾಲಿಗೆ ಗಟ್ಟಿ ಕಡಗವಾಗಿ ಕಟ್ಟಿತು. ನಡೆಯಲಾಗದೆ ಮರಿಗಳು ಸಾಯತೊಡಗಿದವು. ಜನ ಸರೋವರಕ್ಕೆ ಇಳಿದು, ಒಂದೊಂದೇ ಮರಿ ಹಿಡಿದು ಕಡಗ ಒಡೆದು ಬಿಟ್ಟರು. ಹೀಗೆ ಸಾವಿರಾರು ಮರಿ ಉಳಿದವು. ಮಗಳಿಗೆ ಹೇಳಿದೆ. ಅವಳು ತನ್ನ ಕಣಕಾಲು ಒಮ್ಮೆ, ದೂರದಲ್ಲಿ ತಲೆ ಬಗ್ಗಿಸಿ ಮೇಯುತ್ತಿದ್ದ ಗುಲಾಬಿ ಸಾಲು ಒಮ್ಮೆ ನೋಡಿದಳು. "ಅಪ್ಪ, ಅವಕ್ಕೆ ನೋವಾಗ್ತಿತ್ತಾ?" ಅಂದಳು. ಆಗ್ತಿತ್ತಮ್ಮ ಅಂದೆ.

ಹನ್ನೊಂದಕ್ಕೆ ಹೊರಟುಬಿಟ್ಟೆವು. ಇನ್ನೂ ಸ್ವಲ್ಪ ಇರೋಣ ಅನ್ನಿಸುತ್ತದೆ, ಇರಬೇಡಿ. ಗಾಳಿ ಅಷ್ಟರಲ್ಲೇ ಕಾದಿರುತ್ತದೆ, ಬಿಳಿ ನೆಲದಿಂದ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ.

ಮಧ್ಯಾಹ್ನದ ಉರಿ ಕಳೆಯಲು ಒಳ್ಳೆಯ ಜಾಗ ದಾರಿಯಲ್ಲೇ ಇದೆ, ಒಲೋರ್ಗೆಸೈಲಿ. ಹೋಗುವಾಗ ನಿಲ್ಲಬೇಡಿ, ಬರುವಾಗ ನಿಲ್ಲಿ. ನೆರಳಿನಲ್ಲಿ ರೊಟ್ಟಿ ತಿಂದು, ಲಿಂಬು ಪಾನಕ ಮಾಡಿಕೊಂಡು ಕುಡಿದು ನೋಡಲು ಹೋದೆವು. 1940ರ ದಶಕದಲ್ಲಿ ಆದಿಮಾನವರ ಕುರುಹು ಹುಡುಕುತ್ತಿದ್ದ ಲೂಯಿಸ್ ಮತ್ತು ಮೇರಿ ಲೀಕಿ ದಂಪತಿ ಅಗೆದ ಜಾಗ. ಲಕ್ಷಾಂತರ ವರ್ಷ ಹಿಂದಿನ ಕಲ್ಲಿನ ಕೈಗೊಡಲಿಗಳು ನೂರಾರು, ಸಿಕ್ಕ ಜಾಗದಲ್ಲೇ ಬಿದ್ದಿವೆ. ಮರದ ಹಲಗೆ ಸೇತುವೆ ಮೇಲೆ ನಡೆಯುತ್ತಾ ನೋಡಬಹುದು. ಇಲ್ಲಿನ ನೆಲವೂ ಬಿಳಿ. ಆದರೆ ಇದು ಸೋಡಾ ಅಲ್ಲ. ಇಲ್ಲಿ ಹಿಂದೆ ಸರೋವರ ಇತ್ತು, ಅದರಲ್ಲಿದ್ದ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಚಿಪ್ಪು ಸೇರಿ ಆದ ಮಣ್ಣು. ಹೆಂಡತಿ ಎರಡೂ ಕಡೆಯ ಬಿಳಿ ಉಜ್ಜಿ ನೋಡಿದ್ದಳು. ಇದು ಮುಖದ ಪೌಡರ್ ಹಾಗೆ ನುಣ್ಣಗೆ, ಜಾರುವುದಿಲ್ಲ.

ನಮ್ಮೂರ ಪಕ್ಕದ ಇಸಾಂಪುರದಲ್ಲೂ ಇಂಥವೇ ಕೈಗೊಡಲಿ ಸಿಕ್ಕಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ತಂಡ ಅಲ್ಲಿ ಅಗೆದಿದ್ದಾರೆ. ಅಲ್ಲಿ ಸುಣ್ಣದ ಕಲ್ಲಿನವು, ಇಲ್ಲಿ ಹೆಚ್ಚಾಗಿ ಲಾವಾ ಕಲ್ಲಿನವು. ಆಕಾರ ಅದೇ, ಬಾದಾಮಿ ಬೀಜದ್ದು. ಚಿಕ್ಕವನಿದ್ದಾಗ ಆ ಹೊಲಗಳ ಮೇಲೆಯೇ ಓಡಾಡಿದವನು ನಾನು, ಒಂದನ್ನೂ ಗುರುತಿಸಿರಲಿಲ್ಲ. ಈ ಸಲ ಊರಿಗೆ ಹೋದಾಗ ಮಗಳನ್ನು ಇಸಾಂಪುರಕ್ಕೆ ಕರೆದುಕೊಂಡು ಹೋಗಬೇಕು.

ಮೂರಕ್ಕೆ ಅಲ್ಲಿಂದ ಎದ್ದೆವು. ಕೊನೆಯದಾಗಿ ಒಂದು ಮಾತು, ಕಾರು ತೊಳೆಸದೆ ಮನೆಗೆ ಹೋಗಬೇಡಿ. ಸೋಡಾ ಕೆಸರು ಅಡಿಯಲ್ಲಿ ಹತ್ತಿಕೊಂಡರೆ ತಗಡು ತಿನ್ನುತ್ತದೆ. ಕಿಸೇರಿಯನ್‌ನಲ್ಲಿ ನಿಲ್ಲಿಸಿದೆ. ತೊಳೆಯುವ ಹುಡುಗ ಚಕ್ರದ ಮೇಲಿನ ಬಿಳಿಯನ್ನು ಉಗುರಿನಿಂದ ಕೆರೆದು ನೋಡಿ, "ಮಗಾಡಿ?" ಅಂದ. ಹೌದು ಅಂದೆ. ಮೇಲೆ ಮುಟ್ಟಲೇ ಇಲ್ಲ. ಪೈಪ್ ಹಿಡಿದು ನೆಲದ ಮೇಲೆ ಮಲಗಿ, ಮೊದಲು ಅಡಿಯಿಂದ ಶುರು ಮಾಡಿದ.