'ಲಗೂನ್' ನೋಡಿ ಅರ್ಥವಾಗಲಿಲ್ಲ, ಕತ್ತರಿಸಿದೆ

ಫ್ರೆಂಚ್ ಚಿತ್ರಕಾರ ಹೆನ್ರಿ ಮತೀಸ್ ಬಣ್ಣ ಬಳಿದ ಕಾಗದ ಕತ್ತರಿಸಿ ಮಾಡಿದ, ಆಮೇಲೆ ಪುಸ್ತಕವಾಗಿ ಮುದ್ರಣಗೊಂಡ ಸರಣಿ 'ಜಾಝ್'. 1947ರದ್ದು, 20 ಚಿತ್ರ. ಅದರಲ್ಲಿ 'ಲಗೂನ್' (ಹವಳದ ದಿಬ್ಬದೊಳಗಿನ ಸಮುದ್ರದ ನೀರು) ಹೆಸರಿನವು ಮೂರು. ಎಲೆಯೋ ಪಾಚಿಯೋ ಹವಳವೋ ಅನ್ನಿಸುವ ಆಕಾರಗಳು, ಕಣ್ಣಿಗೆ ಹೊಡೆಯುವ ಬಣ್ಣಗಳು. ಇದನ್ನು ಮಕ್ಕಳಿಗೆ ಹೇಗೆ ತೋರಿಸುವುದು ಅಂತ ಮೂರ್ನಾಲ್ಕು ವರ್ಷ ಒದ್ದಾಡಿದ್ದೇನೆ.

ಏನು ಕಾಣುತ್ತೆ ಅಂತ ಕೇಳಿದರೆ ಒಬ್ಬ ಮೀನು ಅಂದ, ಇನ್ನೊಬ್ಬಳು ಹರಿದ ದೋಸೆ ಅಂದಳು. ಪಾಠ ಅಲ್ಲಿಗೇ ನಿಂತಿತು. ಮರುವರ್ಷ ಮತೀಸ್ 1930ರಲ್ಲಿ ಪೆಸಿಫಿಕ್ ಸಾಗರದ ತಾಹಿತಿ ದ್ವೀಪಕ್ಕೆ ಹೋಗಿದ್ದ ಕಥೆಯನ್ನು ಮೊದಲೇ ಹೇಳಿಬಿಟ್ಟೆ. ಆಮೇಲೆ ಯಾರಿಗೂ ಸಮುದ್ರ ಬಿಟ್ಟು ಬೇರೇನೂ ಕಾಣಲಿಲ್ಲ. ಅದು ಇನ್ನೂ ದೊಡ್ಡ ತಪ್ಪು.

ಮುದ್ರಣದಲ್ಲಿ ಕತ್ತರಿಸಿದ ಕಾಗದದ ಜೀವ ಹೋಯಿತು ಅಂತ ಮತೀಸನಿಗೇ ಬೇಸರವಿತ್ತಲ್ಲ? ಹಾಗಾದರೆ ನಾನೇ ಕತ್ತರಿಸಿ ನೋಡೋಣ ಅಂತ ಕೂತೆ. "ಇದು ಕ್ರಾಫ್ಟ್ ಪಿರಿಯಡ್ ಸಾರ್" ಅಂತ ಜೊತೆಯ ಮೇಷ್ಟ್ರು ನಕ್ಕರು.

ಮೊದಲು ತಂದಿದ್ದು ಗ್ಲೇಜ್ ಪೇಪರ್. ಹೊಳಪೇ ಕೆಡಿಸಿತು, ನೂರೈವತ್ತು ರೂಪಾಯಿ ನೀರಿಗೆ. ಮತೀಸನಂತೆ ಬಣ್ಣ ಬಳಿದ ಕಾಗದವೇ ಬೇಕು ಅಂತ ಡ್ರಾಯಿಂಗ್ ಶೀಟಿಗೆ ಪೋಸ್ಟರ್ ಕಲರ್ ಬಳಿದೆ. ತೆಳುವಾದರೆ ಬ್ರಷ್ ಗೆರೆ, ದಪ್ಪವಾದರೆ ಕತ್ತರಿಸುವಾಗ ಚಕ್ಕೆ ಏಳುತ್ತದೆ. ಏಳೆಂಟು ಬಾಟಲಿ, ಇನ್ನೊಂದು ಮುನ್ನೂರು ಹೋಯಿತು. ಹದ ಹೇಗೆ ಸಿಕ್ಕಿತು ಅಂತ ಇಲ್ಲಿ ಬರೆಯುವುದಿಲ್ಲ.

ಪೆನ್ಸಿಲ್ ಗೆರೆ ಹಾಕಿ ಕತ್ತರಿಸಿದರೆ ಅಂಚು ಸತ್ತಂತೆ ಕಾಣುತ್ತಿತ್ತು. ಗೆರೆ ಬಿಟ್ಟೆ. ಕತ್ತರಿಯನ್ನು ಪೂರ್ತಿ ಮುಚ್ಚದೆ, ಕೈ ಬದಲು ಕಾಗದ ತಿರುಗಿಸಿದೆ. ತಾನಾಗೇ ಪಾಚಿಯಂಥ ಬಳುಕು ಬಂತು! ಪಾಚಿ ಬರೆಯಲು ಹೊರಟಿರಲೇ ಇಲ್ಲ. ಅದು ಕಾಗದ ತಿರುಗಿದ ಗುರುತು, ಅಷ್ಟೇ. ಕಸದ ಬುಟ್ಟಿಗೆ ಹಾಕಿದ್ದ ಚೂರು ಎತ್ತಿ ಪಕ್ಕಕ್ಕಿಟ್ಟೆ. ಇದರ ಹೊರಗು ಅದರ ಒಳಗು. ಚಿತ್ರದಲ್ಲೂ ಅಂಥ ಜೋಡಿ ಹುಡುಕಲು ಶುರುಮಾಡಿದೆ.

ಸುಮ್ನೆ ಒಂದು ದಿನ ನನ್ನ ಚೂರುಗಳ ಕಪ್ಪು-ಬಿಳುಪು ಜೆರಾಕ್ಸ್ ತೆಗೆಸಿದೆ. ಜಗಳವಾಡುತ್ತಿದ್ದ ಕೆಂಪು, ಹಸಿರು ಎರಡೂ ಒಂದೇ ಬೂದು! ಬಣ್ಣ ಬೇರೆಯಾದರೂ ಎರಡರ ಗಾಢತೆ ಒಂದೇ. ಎರಡು ರೂಪಾಯಿಗೆ ಇದಕ್ಕಿಂತ ಒಳ್ಳೆ ಬಣ್ಣದ ಪಾಠ ಸಿಗಲ್ಲ.

ಈ ವರ್ಷ ಮಕ್ಕಳು ಮೊದಲು ಕತ್ತರಿಸಿದರು, ಆಮೇಲೆ 'ಲಗೂನ್' ನೋಡಿದರು. ಒಬ್ಬಳು ಬೆರಳಿಟ್ಟು, "ಸಾರ್, ಇದು ಕತ್ತರಿಸಿದ್ದಲ್ಲ, ಉಳಿದಿದ್ದು" ಅಂದಳು. ನಕ್ಕಿದ್ದ ಮೇಷ್ಟ್ರು ಮರುದಿನ ಕತ್ತರಿ ಕೇಳಿಕೊಂಡು ಬಂದರು. ಕೊಟ್ಟೆ. ಬಣ್ಣದ ಹದ ಮಾತ್ರ ಅವರಿಗೂ ಹೇಳಿಲ್ಲ.