ರೀಫ್ ಟ್ಯಾಂಕಿಗೆ ಏಡಿ ಬಿಡುವ ಮೊದಲು ಅದರ ಇಕ್ಕಳ ನೋಡಿ

ಮನೆಯ ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಏಡಿ ಸಾಕಬಹುದೇ? ಕೆಲವನ್ನು ಸಾಕಬಹುದು, ಅದೂ ಹೊಟ್ಟೆ ತುಂಬಿಸುತ್ತಿದ್ದರೆ ಮಾತ್ರ. ಪಾಚಿ ಖಾಲಿಯಾದರೆ ಏಡಿ ಹವಳಕ್ಕೂ ಬಾಯಿ ಹಾಕುತ್ತದೆ. ಅಂಗಡಿಯವರು ಹೇಳುವ ಹೆಸರಿಗಿಂತ ಮೊದಲು ಇಕ್ಕಳದ ತುದಿ ನೋಡಿ. ಚಮಚದ ಹಾಗೆ ಕುಳಿ ಇದ್ದರೆ ಅದು ಹೆಚ್ಚಾಗಿ ಪಾಚಿ ಕೆರೆಯುವ ಏಡಿ. ದಪ್ಪ ಇಕ್ಕಳ, ಚೂಪಾದ ಕಪ್ಪು ತುದಿ, ಮೈತುಂಬ ರೋಮ ಇದ್ದರೆ ಬೇಡವೇ ಬೇಡ.

ಎಮರಾಲ್ಡ್ ಏಡಿಯದು ಕುಳಿ ಇರುವ ಇಕ್ಕಳ. ಗುಳ್ಳೆ ಪಾಚಿಗೆ ಇದೇ ಒಳ್ಳೆಯ ಮದ್ದು. 100 ಲೀಟರಿಗೆ ಒಂದು ಸಾಕು. ಪಾಚಿ ಕಡಿಮೆಯಾದ ಮೇಲೆ ವಾರಕ್ಕೆ ಎರಡು ಸಲ, ಉಪ್ಪಾಗಲಿ ಎಣ್ಣೆಯಾಗಲಿ ಹಚ್ಚದ ನೋರಿ (ಒಣಗಿಸಿದ ಕಡಲ ಪಾಚಿ) ಹಾಳೆಯ ಚೂರನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ. ನೀರು ಸೋಸಿ ತಿನ್ನುವ ಪೋರ್ಸಲೇನ್ ಏಡಿ, ಚಿಕ್ಕ ಪಾಂಪಾಮ್ ಏಡಿ ಇವೆರಡೂ ಸಾಧು. ಸ್ಯಾಲಿ ಲೈಟ್‌ಫುಟ್ ಚಿಕ್ಕದಿದ್ದಾಗ ಚೆನ್ನ, ಬೆಳೆದ ಮೇಲೆ ಸಣ್ಣ ಮೀನು ಹಿಡಿಯುತ್ತದೆ. ಆರೋ ಏಡಿ ಮೈಮೇಲೆ ಬಿರುಗೂದಲಿರುವ ಬ್ರಿಸಲ್ ಹುಳುಗಳ ಜೊತೆ ಗರಿಯಂತೆ ಅರಳುವ ಫೆದರ್ ಡಸ್ಟರ್ ಹುಳುಗಳನ್ನೂ ತಿಂದು ಮುಗಿಸುತ್ತದೆ.

ಖಾಲಿ ಚಿಪ್ಪಿನೊಳಗೆ ವಾಸಿಸುವ ಹರ್ಮಿಟ್ ಏಡಿಗಳಲ್ಲಿ ನೀಲಿ ಕಾಲಿನದಕ್ಕಿಂತ ಕೆಂಪು ಕಾಲಿನ ಸ್ಕಾರ್ಲೆಟ್ ಶಾಂತ ಸ್ವಭಾವದ್ದು. ಎರಡೂ ಚಿಪ್ಪಿಗಾಗಿ ಬಸವನಹುಳುವನ್ನು ಕೊಲ್ಲಬಲ್ಲವು. ಪ್ರತಿ ಏಡಿಗೆ ಎರಡು ಮೂರು ಖಾಲಿ ಚಿಪ್ಪು ಇಡಿ. ಅವುಗಳ ಬಾಯಿ ಈಗಿನ ಚಿಪ್ಪಿನ ಬಾಯಿಗಿಂತ ಸ್ವಲ್ಪ ದೊಡ್ಡದಿರಲಿ. ಚಿಪ್ಪನ್ನು ಕುದಿಸಿ ತಣಿಸಿ ಹಾಕಿ. ಬಣ್ಣ, ವಾರ್ನಿಷ್ ಬಳಿದ ಅಲಂಕಾರದ ಚಿಪ್ಪು ಬೇಡ.

ಬೆಂಗಳೂರು ಅಥವಾ ಮುಂಬೈಯಿಂದ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬರುವ ಏಡಿಯ ಚೀಲದ ನೀರಿನಲ್ಲಿ ಅಮೋನಿಯಾ ಸೇರಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ, ಆಗ ಅದೇ ಅಮೋನಿಯಾ ಇನ್ನಷ್ಟು ವಿಷವಾಗುತ್ತದೆ. ಹಾಗಾಗಿ ಬಿಚ್ಚದ ಚೀಲವನ್ನು 15 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಟ್ಟು, ನಂತರ ಏಡಿಯನ್ನು ಚೀಲದ ನೀರಿನ ಸಮೇತ ಒಂದು ಪಾತ್ರೆಗೆ ಹಾಕಿ, ಅದಕ್ಕೆ ಏರ್ ಪೈಪಿನಲ್ಲಿ ಟ್ಯಾಂಕಿನ ನೀರನ್ನು ಸೆಕೆಂಡಿಗೆ 2-4 ಹನಿ ಬಿಡಿ. ಲವಣಾಂಶ ಟ್ಯಾಂಕಿನ ಮಟ್ಟಕ್ಕೆ, ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.025ಕ್ಕೆ ಬಂದೊಡನೆ ಏಡಿಯನ್ನಷ್ಟೇ ಎತ್ತಿ ಬಿಡಿ. ಒಂದು ಗಂಟೆ ಮೀರಬಾರದು. ಚೀಲದ ನೀರು ಟ್ಯಾಂಕಿಗೆ ಬೀಳಬಾರದು.

ನಮ್ಮ ಕಡೆ ಮಾರ್ಚ್‌ನಿಂದ ಮೇವರೆಗಿನ ಒಣ ಹವೆಯೇ ದೊಡ್ಡ ತೊಂದರೆ. ನೀರನ್ನು 26 ಡಿಗ್ರಿಯಲ್ಲಿ ನಿಲ್ಲಿಸಲು ಟ್ಯಾಂಕಿನ ಮೇಲೆ ಫ್ಯಾನ್ ಹಾಕಿದರೆ ನೀರು ಬೇಗ ಆವಿಯಾಗುತ್ತದೆ, ಉಪ್ಪು ಮಾತ್ರ ಉಳಿಯುತ್ತದೆ. ಇಳಿದ ಮಟ್ಟವನ್ನು ದಿನವೂ ಆರ್‌ಒ ಸಿಹಿನೀರಿನಿಂದ ತುಂಬಿ, ಉಪ್ಪುನೀರಿನಿಂದಲ್ಲ. ಮಲಪ್ರಭೆಯ ನಲ್ಲಿ ನೀರನ್ನು ನೇರವಾಗಿ ಹಾಕಬೇಡಿ: ಅದರ ಕ್ಲೋರಿನ್ ಪ್ರಾಣಿಗಳಿಗೆ ಮಾರಕ, ಕರಗಿರುವ ಲವಣಗಳು ಪಾಚಿ ಬೆಳೆಸುತ್ತವೆ. ಕರೆಂಟ್ ಹೋದಾಗ ಏರ್ ಪಂಪ್ ಇನ್ವರ್ಟರ್ ಮೇಲೆ ನಡೆಯಬೇಕು. ಮೀನಿಗೆಂದು ತಾಮ್ರದ ಔಷಧ ಹಾಕಿದರೆ ಏಡಿಗಳು ಸಾಯುತ್ತವೆ. ಚಿಕಿತ್ಸೆ ಬೇರೆ ಟ್ಯಾಂಕಿನಲ್ಲೇ ಆಗಲಿ.

ಏಡಿ ಸತ್ತು ಬಿದ್ದಂತೆ ಕಂಡರೆ ಕೂಡಲೇ ಎಸೆಯಬೇಡಿ. ಒಳಗೆ ಟೊಳ್ಳಾಗಿ, ವಾಸನೆ ಇಲ್ಲದಿದ್ದರೆ ಅದು ಕಳಚಿದ ಪೊರೆ. ಮೆತ್ತಗಿನ ಏಡಿ ಕೆಲವು ದಿನ ಅಡಗಿರುತ್ತದೆ, ಕಲ್ಲು ಕದಲಿಸಬಾರದು.

ಕಾರವಾರದ ಕಡಲಿನಿಂದ ಹವಳ ಅಂಟಿದ ಕಲ್ಲು ತರಲು ಹೋಗಬೇಡಿ. ನಮ್ಮ ಸಮುದ್ರದ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಂಗಡಿಯಲ್ಲಿ ಕೊಂಡ ಲೈವ್ ರಾಕಿನಲ್ಲೂ (ಸಣ್ಣ ಜೀವಿಗಳು ನೆಲೆಸಿದ ಕಲ್ಲು) ಕಪ್ಪು ಇಕ್ಕಳದ ರೋಮದ ಏಡಿ ಅಡಗಿ ಬರುವುದುಂಟು. ಅದನ್ನು ಹಿಡಿಯಲು ನುಣುಪಾದ ಗಾಜಿನ ಲೋಟದಲ್ಲಿ ಸಿಗಡಿ ತುಂಡು ಇಟ್ಟು, ದೀಪ ಆರಿಸಿದ ಮೇಲೆ ಅದರ ಬಿಲದ ಪಕ್ಕ ಕಲ್ಲಿಗೆ ಓರೆಯಾಗಿ ಒರಗಿಸಿ. ಕಲ್ಲಿನ ಕಡೆಯಿಂದ ಒಳಗೆ ಇಳಿದದ್ದು ಗಾಜು ಹತ್ತಿ ಹೊರಬರಲಾರದು. ಬೆಳಗ್ಗೆ ಬೇಗ ಲೋಟ ತೆಗೆಯಿರಿ. ಸಿಗಡಿ ಕೊಳೆತರೆ ನೀರು ಕೆಡುತ್ತದೆ. ಆದರೆ ಪೊಸಿಲೊಪೊರಾ ಹವಳದ ಕೊಂಬೆಗಳ ನಡುವೆ ಕೂತ ನುಣುಪು ಮೈಯ ಪುಟ್ಟ ಟ್ರಪೀಜಿಯಾ ಏಡಿಯನ್ನು ಅಲ್ಲೇ ಬಿಡಿ, ಅದು ಆ ಹವಳವನ್ನು ಕಾಯುತ್ತದೆ.