ಫೋಕಸ್ ತಪ್ಪಿಸಿ ಗ್ರಹ ಹಿಡಿದೆ: ನನ್ನ ಅನುಭವ

ಡಂಬೆಲ್ ನೆಬ್ಯುಲಾದ (ಆಕಾಶದಲ್ಲಿ ಹೊಳೆಯುವ ಅನಿಲದ ಮೋಡ) ಫೋಟೋ ತೆಗೆದವರು ಹಳೇ ಫ್ರೇಮ್ ಒಮ್ಮೆ ತೆರೆದು ನೋಡಿ. ನೆಬ್ಯುಲಾದ ಪಕ್ಕದಲ್ಲೇ, ಅರ್ಧ ಡಿಗ್ರಿಯೂ ದೂರವಿಲ್ಲ, ಎಚ್‌ಡಿ 189733 ಅನ್ನೋ ನಕ್ಷತ್ರ ಕೂತಿರುತ್ತದೆ. ಅದರ ಗ್ರಹ 2.2 ದಿನಕ್ಕೊಮ್ಮೆ ನಕ್ಷತ್ರದ ಮುಂದೆ ಹಾಯುತ್ತದೆ. ಆಗ ಬೆಳಕು ಶೇಕಡಾ 2.4ರಷ್ಟು ಇಳಿಯುತ್ತದೆ. ಈ ಇಳಿತವನ್ನು ನನ್ನ 8 ಇಂಚಿನ ಟೆಲಿಸ್ಕೋಪಿನಲ್ಲಿ ಹಿಡಿಯುತ್ತೇನೆ, ಅದೂ ಬೇಕಂತಲೇ ಫೋಕಸ್ ತಪ್ಪಿಸಿ, ಅಂದಾಗ ಜೊತೆಯವರು ಯಾರೂ ನಂಬಲಿಲ್ಲ. ‘ನಕ್ಷತ್ರ ಸೂಜಿಮೊನೆಯ ಹಾಗಿರಬೇಕು, ನೀನು ಬಳೆ ಮಾಡ್ತಿದ್ದೀಯ’ ಅಂದರು. ಫೋಕಸ್ ತಪ್ಪಿದರೆ ನಕ್ಷತ್ರ ಚುಕ್ಕಿಯ ಬದಲು ಬಳೆಯ ಹಾಗೆ ಕಾಣುತ್ತದೆ. ಈಗ ಮೂರು ಟ್ರಾನ್ಸಿಟ್ (ಗ್ರಹ ಹೀಗೆ ನಕ್ಷತ್ರದ ಮುಂದೆ ಹಾಯುವುದು) ನನ್ನ ಕೈಲಿದೆ.

ಮೊದಲು ನಾನೂ ಚೂಪಾಗಿ ಫೋಕಸ್ ಮಾಡಿಯೇ ಶುರು ಮಾಡಿದ್ದು. ನಕ್ಷತ್ರದ ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು) 7.7. ಪಿಕ್ಸೆಲ್ ಕ್ಷಣದಲ್ಲಿ ತುಂಬಿ ಹೋಗುತ್ತಿತ್ತು. ಎಕ್ಸ್‌ಪೋಷರ್ ಒಂದು ಸೆಕೆಂಡಿಗಿಂತ ಕೆಳಗೆ ಇಳಿಸಿದೆ. ಆಗ ಗಾಳಿಯಿಂದಾಗುವ ಮಿನುಗು ಕಾಡಿತು. ಇಷ್ಟು ಚಿಕ್ಕ ಕನ್ನಡಿಗೆ, ಒಂದು ಸೆಕೆಂಡಿನ ಫ್ರೇಮಿನಲ್ಲಿ ಮಿನುಗೇ ಹತ್ತಿರ ಹತ್ತಿರ ಶೇಕಡಾ 1 ಇರುತ್ತದೆ. ಗ್ರಾಫ್ ನೋಡಿದರೆ ಮರಳು ಚೆಲ್ಲಿದ ಹಾಗಿತ್ತು. ನೂರಾರು ಫ್ರೇಮ್ ಕೂಡಿಸಿದೆ. ಮಿನುಗೇನೋ ತಗ್ಗಿತು, ಆದರೆ ನಕ್ಷತ್ರ ನಿಂತಿದ್ದು ಎರಡು ಮೂರು ಪಿಕ್ಸೆಲ್ ಮೇಲೆ. ಗೈಡಿಂಗ್, ಅಂದರೆ ಟೆಲಿಸ್ಕೋಪ್ ನಕ್ಷತ್ರವನ್ನು ಹಿಂಬಾಲಿಸುವುದು, ಚೂರು ಜಾರಿದರೂ ಪಿಕ್ಸೆಲ್‌ಗಳ ನಡುವಿನ ವ್ಯತ್ಯಾಸವೇ ಏರಿಳಿತವಾಗಿ ಕಾಣುತ್ತಿತ್ತು.

ತಪ್ಪು ಕ್ಯಾಮೆರಾದ್ದು ಅಂದುಕೊಂಡೆ. ಕೂಲ್ಡ್ ಮೋನೋ (ಸೆನ್ಸರ್ ತಂಪಾಗಿಡುವ, ಕಪ್ಪು-ಬಿಳುಪಿನ) ಕ್ಯಾಮೆರಾ ತಂದೆ. ಟೆಲಿಸ್ಕೋಪಿಗಿಂತ ಜಾಸ್ತಿ ದುಡ್ಡು ಅದಕ್ಕೇ ಹೋಯಿತು. ಜೊತೆಗೆ ಫಿಲ್ಟರ್ ವೀಲ್. ಗ್ರಾಫಿನಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಫಿಲ್ಟರ್ ವೀಲನ್ನು ಅರ್ಧ ಬೆಲೆಗೆ ಮಾರಿದೆ, ಆ ಬೇಸರ ಇನ್ನೂ ಇದೆ. ನಿಜವಾಗಿ ಕೆಲಸಕ್ಕೆ ಬಂದಿದ್ದು ಎಲ್ಲಕ್ಕಿಂತ ಅಗ್ಗದ ಎರಡು ವಸ್ತು: ಮೋಟರ್ ಫೋಕಸರ್ ಮತ್ತು ಇಬ್ಬನಿ ತಡೆಯುವ ಹೀಟರ್ ಪಟ್ಟಿ.

ದೊಡ್ಡ ಟೆಲಿಸ್ಕೋಪಿನವರು ಪ್ರಖರ ನಕ್ಷತ್ರಗಳನ್ನು ಹೇಗೆ ನಿಭಾಯಿಸುತ್ತಾರೆ ಅಂತ ಹುಡುಕಿದಾಗ ದಾರಿ ಸಿಕ್ಕಿತು. ಚಿಲಿ ದೇಶದ ಲಾ ಸಿಲ್ಲಾ ವೀಕ್ಷಣಾಲಯದ 1.54 ಮೀಟರ್ ಡೇನಿಷ್ ಟೆಲಿಸ್ಕೋಪಿನಲ್ಲಿ ಟ್ರಾನ್ಸಿಟ್ ಅಳೆಯುವಾಗ ಬೇಕಂತಲೇ ಫೋಕಸ್ ಕೆಡಿಸುತ್ತಾರೆ. ಬೆಳಕು ನೂರಾರು ಪಿಕ್ಸೆಲ್‌ಗೆ ಹರಡುತ್ತದೆ. ಉದ್ದ ಎಕ್ಸ್‌ಪೋಷರ್ ಕೊಡಬಹುದು, ಮಿನುಗು ತಾನಾಗಿ ಸವೆಯುತ್ತದೆ. ಅಲ್ಲಿ ನಡೆಯುವುದು ಇಲ್ಲಿ ಯಾಕೆ ನಡೆಯಬಾರದು?

ನನ್ನ ಬಳೆ ಸುಮಾರು 30 ಪಿಕ್ಸೆಲ್ ಅಗಲ, ಎಕ್ಸ್‌ಪೋಷರ್ 40 ಸೆಕೆಂಡಿನ ಆಸುಪಾಸು. ಆ ಅಗಲಕ್ಕೆ ಹೇಗೆ ಬಂದೆ, ರಾತ್ರಿ ತಂಪಾದಂತೆ ಅದನ್ನು ಹೇಗೆ ಹಾಗೇ ಉಳಿಸಿಕೊಳ್ಳುತ್ತೇನೆ ಅನ್ನೋದನ್ನು ಸದ್ಯಕ್ಕೆ ಹೇಳುವುದಿಲ್ಲ. ಆರು ತಿಂಗಳ ರಾತ್ರಿಗಳು ಅದಕ್ಕೆ ಹೋಗಿವೆ. ಆಫ್-ಆಕ್ಸಿಸ್ ಗೈಡರ್ (ಅದೇ ಟೆಲಿಸ್ಕೋಪಿನ ಬೆಳಕಿನಿಂದಲೇ ಗೈಡ್ ಮಾಡುವ ಸಾಧನ) ಇಟ್ಟವರಿಗೆ ಒಂದು ಮಾತು: ಫೋಕಸ್ ಸರಿಸಿದರೆ ಗೈಡ್ ನಕ್ಷತ್ರವೂ ಬಳೆಯಾಗುತ್ತದೆ. ನಾನು ಬೇರೆ ಗೈಡ್ ಸ್ಕೋಪ್ ಹಾಕಿದೆ.

ಆಮೇಲೂ ಎರಡು ರಾತ್ರಿ ಕೆಟ್ಟವು. ಒಂದು ಸಲ ಟ್ರಾನ್ಸಿಟ್ ನಡುವೆಯೇ ಮೆರಿಡಿಯನ್ ಫ್ಲಿಪ್ (ನಕ್ಷತ್ರ ಉತ್ತರ-ದಕ್ಷಿಣ ಗೆರೆ ದಾಟಿದಾಗ ಟೆಲಿಸ್ಕೋಪನ್ನು ಇನ್ನೊಂದು ಬದಿಗೆ ತಿರುಗಿಸುವುದು) ಬಂತು, ಗ್ರಾಫಿನಲ್ಲಿ ದೊಡ್ಡ ಮೆಟ್ಟಿಲು ಬಿತ್ತು. ಇನ್ನೊಂದು ಸಲ ಇಳಿತ ಚೆನ್ನಾಗಿ ಬಂತು, ಆದರೆ ಲ್ಯಾಪ್‌ಟಾಪ್ ಗಡಿಯಾರ ಎರಡು ಮೂರು ನಿಮಿಷ ಹಿಂದಿತ್ತು. ಅವತ್ತು ತುಂಬಾ ನೋವಾಯಿತು. ನಮ್ಮ ಅಳತೆಗೆ ಬೆಲೆ ಬರುವುದೇ ಸಮಯದಿಂದ ಅಲ್ವಾ? ಗ್ರಹ ಸುತ್ತುವ ಅವಧಿಯ ಲೆಕ್ಕದಲ್ಲಿ ಒಂದೇ ಸೆಕೆಂಡ್ ತಪ್ಪಿದ್ದರೂ ಸಾವಿರ ಸುತ್ತಿಗೆ, ಅಂದರೆ ಈ ಗ್ರಹಕ್ಕೆ ಆರು ವರ್ಷಕ್ಕೆ, ಹದಿನಾರು ಹದಿನೇಳು ನಿಮಿಷ ವ್ಯತ್ಯಾಸ ಬೀಳುತ್ತದೆ. 8 ಮೀಟರ್ ಟೆಲಿಸ್ಕೋಪಿನಲ್ಲಿ ಕಷ್ಟಪಟ್ಟು ಸಮಯ ಪಡೆದವರಿಗೆ ಅಷ್ಟು ಹೊತ್ತು ಸುಮ್ನೆ ಹೋದರೆ ಹೇಗೆ? ಈಗ ಕ್ಯಾಮೆರಾ ಶುರುವಾಗುವ ಮೊದಲು ಗಡಿಯಾರ ಸರಿಮಾಡದೆ ನಾನು ಏನನ್ನೂ ಮುಟ್ಟುವುದಿಲ್ಲ.

ಕೊನೆಗೆ ಒಂದು ರಾತ್ರಿ ಬೆಳಕು ಅಳೆಯುವ ಸಾಫ್ಟ್‌ವೇರ್ ಆಸ್ಟ್ರೋಇಮೇಜ್‌ಜೆ ತೆರೆದಾಗ ಗೆರೆ ಇಳಿದು, ಒಂದೂ ಮುಕ್ಕಾಲು ಗಂಟೆ ಕಳೆದು, ಮತ್ತೆ ಮೇಲೆದ್ದಿತು. ಗೆರೆಯ ಸುತ್ತ ಚುಕ್ಕಿಗಳ ಚದುರಿಕೆ ಶೇಕಡಾ 0.3ರಿಂದ 0.4. 8 ಇಂಚಿಗೆ ಇದು ಒಳ್ಳೇ ಅಳತೆ ಅಂತ ಧೈರ್ಯವಾಗಿ ಹೇಳುತ್ತೇನೆ. ನಂಬದಿದ್ದವರಲ್ಲಿ ಇಬ್ಬರು ಈಗ ಬಳೆ ಮಾಡುತ್ತಿದ್ದಾರೆ.

ಇದೇ ಉಪಾಯವನ್ನು ಎಚ್‌ಎಟಿ-ಪಿ-32 ಅನ್ನೋ ಇನ್ನೊಂದು ಗ್ರಹವಿರುವ ನಕ್ಷತ್ರದ ಮೇಲೂ ಮಾಡಿ ನೋಡಿದೆ. ಅದು 11.3 ಮ್ಯಾಗ್ನಿಟ್ಯೂಡಿನದು. ಅಷ್ಟೇ ಅಗಲದ ಬಳೆ ಮಾಡಿದರೆ ಆಕಾಶದ ಬೆಳಕೇ ಅದನ್ನು ನುಂಗುತ್ತದೆ. ಮಂಕು ನಕ್ಷತ್ರಕ್ಕೆ ಚೂರೇ ಚೂರು ಸರಿಸಿದರೆ ಸಾಕು. ಹಳೇ ಡಿಎಸ್‌ಎಲ್‌ಆರ್‌ನ ಹಸಿರು ಚಾನಲ್ ಮಾತ್ರ ಬಳಸಿಯೂ ಪ್ರಯತ್ನಿಸಿದೆ. 189733 ಮಟ್ಟಿಗೆ ಅದೂ ಇಳಿತ ತೋರಿಸಿತು. ಮೊದಲೇ ಗೊತ್ತಿದ್ದರೆ ಕ್ಯಾಮೆರಾ ದುಡ್ಡು ಉಳಿಯುತ್ತಿತ್ತು.

ಮುಂದಿನದು ಪೆಗಾಸಸ್ ನಕ್ಷತ್ರಪುಂಜದ ಎಚ್‌ಡಿ 209458 ನಕ್ಷತ್ರ. ಇಳಿತ ಶೇಕಡಾ 1.6 ಅಷ್ಟೇ, ಮೂರು ಗಂಟೆ ಕೂರಬೇಕು. 1999ರಲ್ಲಿ ಅದರ ಟ್ರಾನ್ಸಿಟ್ ಅನ್ನು 10 ಸೆಂಟಿಮೀಟರ್ ಟೆಲಿಸ್ಕೋಪಿನಿಂದ ಹಿಡಿದಿದ್ದರು. ನನ್ನದು 20. ಫ್ಲಿಪ್ ನಡುವೆ ಬಾರದ ಒಂದು ರಾತ್ರಿ ಲೆಕ್ಕ ಹಾಕಿ ಇಟ್ಟಿದ್ದೇನೆ.